ಆಟಿಸಂ ಮಕ್ಕಳಿಗೂ ಬೇಕು ಆಟ, ಸಿನಿಮಾ

ಅಂಗವಿಕಲರ ಹಕ್ಕುಗಳ ಕಾಯ್ದೆ, 2016 ಗುರುತಿಸಿರುವ 21 ಬಗೆಯ ವೈಕಲ್ಯಗಳಲ್ಲಿ ಆಟಿಸಂ ಕೂಡ ಒಂದು. ಕಾಯ್ದೆಯ 29ನೇ ಸೆಕ್ಷನ್ ಮನರಂಜನೆಯಲ್ಲಿ, 30ನೇ ಸೆಕ್ಷನ್ ಕ್ರೀಡೆಯಲ್ಲಿ ಇವರಿಗೂ ಅವಕಾಶ ಕಲ್ಪಿಸುವ ಹೊಣೆಯನ್ನು ಸರ್ಕಾರಕ್ಕೆ ವಹಿಸಿವೆ. ಆದರೆ ಸೌಲಭ್ಯ ಎಂದೊಡನೆ ಹೆಚ್ಚಿನವರಿಗೆ ನೆನಪಾಗುವುದು ಇಳಿಜಾರು ಹಾದಿ, ಲಿಫ್ಟ್ ಮಾತ್ರ.

ಆಟಿಸಂ ಇರುವ ಅನೇಕ ಮಕ್ಕಳಿಗೆ ಅಡ್ಡಿಯಾಗುವುದು ಮೆಟ್ಟಿಲಲ್ಲ. ಕಿವಿಗಡಚಿಕ್ಕುವ ಸದ್ದು, ಕಣ್ಣು ಕುಕ್ಕುವ ಬೆಳಕು, ನೂಕುನುಗ್ಗಲು. ಮಗು ಎದ್ದು ಓಡಾಡಿದರೆ, ಕೂಗಿದರೆ ಸುತ್ತಲಿನವರು ತಿರುಗಿ ನೋಡುತ್ತಾರೆ. ಆ ಮುಜುಗರಕ್ಕೆ ಅಂಜಿ ತಂದೆತಾಯಿ ಮುಂದಿನ ಸಲ ಮನೆಯಲ್ಲೇ ಉಳಿಯುತ್ತಾರೆ.

ಚಿತ್ರಮಂದಿರಗಳಲ್ಲಿ ಸಿನಿಮಾ ಪ್ರದರ್ಶನದ ಬಗ್ಗೆ ಕೇಂದ್ರ ಸರ್ಕಾರ 2024ರ ಮಾರ್ಚ್‌ನಲ್ಲಿ ಹೊರಡಿಸಿದ ಮಾರ್ಗಸೂಚಿ ಶ್ರವಣದೋಷ ಮತ್ತು ದೃಷ್ಟಿದೋಷ ಇರುವವರಿಗಾಗಿ ರೂಪಿಸಿದ್ದು. ಅದು ಸ್ವಾಗತಾರ್ಹ, ಆದರೆ ಆಟಿಸಂ ಇರುವವರ ಅಗತ್ಯವೇ ಬೇರೆ. ಬ್ರಿಟನ್ನಿನ ಹಲವು ಚಿತ್ರಮಂದಿರಗಳು ಸದ್ದು ತಗ್ಗಿಸಿ, ಮಂದ ದೀಪ ಉರಿಸಿ, ಮಕ್ಕಳನ್ನು ಓಡಾಡಲು ಬಿಡುವ ಪ್ರದರ್ಶನಗಳನ್ನು ನಡೆಸುತ್ತವೆ. ಇದಕ್ಕೆ ಹೊಸ ಕಟ್ಟಡ ಬೇಕಿಲ್ಲ.

ನಮ್ಮ ಚಿತ್ರಮಂದಿರ, ಈಜುಕೊಳ, ಆಟದ ಮೈದಾನಗಳೂ ವಾರಕ್ಕೆ ಕೆಲವು ಗಂಟೆಗಳನ್ನು ಹೀಗೆ ಮೀಸಲಿಡಬಹುದು. ಶಾಲೆ ಮತ್ತು ಥೆರಪಿಯ ನಡುವೆಯೇ ಬಾಲ್ಯ ಕಳೆಯುವ ಈ ಮಕ್ಕಳಿಗೆ, ಕಲಿಕೆಯ ಗುರಿಯಿಲ್ಲದ ಬರೀ ಆಟವೂ ಸಲ್ಲಬೇಕಾದದ್ದೇ.