ಬೇಡ ಎನ್ನುವ ಯಂತ್ರ

"ಹುಡುಗಿ ಛಲೋ ಅದಾಳ, ಚಸ್ಮಾ ಒಂದು ತೆಗಸ್ರಿ. ಈಗ ಲೇಜರ್ ಬಂದೈತಲ್ಲ, ಹತ್ತು ನಿಮಿಷದ ಕೆಲಸ." ಬಸವನಬಾಗೇವಾಡಿ ಕಡೆಯ ಒಂದು ಮನೆಯಲ್ಲಿ ಕನ್ಯಾ ನೋಡಲು ಬಂದಿದ್ದ ಹಿರಿಯರು ಹೇಳಿದ ಮಾತಿದು. ತಂದೆ ತಲೆಯಾಡಿಸಿದರು, ಮಾತು ಮದುವೆಯ ಖರ್ಚಿನತ್ತ ಹೊರಳಿತು. ಕಣ್ಣು ಯಾರದೋ ಅವಳನ್ನು ಮಾತ್ರ ಯಾರೂ ಕೇಳಲಿಲ್ಲ.

ಚಸ್ಮಾ ಹಾಕಿದ ಹೆಣ್ಣಿಗೆ ಏನೋ ಕೊರತೆಯಿದೆ ಎನ್ನುವವರ ಜೊತೆ ವಾದಕ್ಕಿಳಿಯಲು ನನಗೆ ಮನಸ್ಸಿಲ್ಲ. 'ಹತ್ತು ನಿಮಿಷದ ಕೆಲಸ' ಎಂಬುದರ ಜೊತೆ ಮಾತ್ರ ವಾದಿಸಲೇಬೇಕು. ಲೆಕ್ಕಕ್ಕೆ ಅದು ಸುಳ್ಳಲ್ಲ. ಲೇಜರ್ ಕಿರಣ ಕಣ್ಣಿನ ಮೇಲೆ ಕೆಲಸ ಮಾಡುವುದು ಬಹುಮಟ್ಟಿಗೆ ಒಂದು ನಿಮಿಷಕ್ಕಿಂತ ಕಡಿಮೆ ಹೊತ್ತು. ಆದರೆ ಈ ಚಿಕಿತ್ಸೆಯ ಅತಿ ದೊಡ್ಡ ಪ್ರಗತಿ ಆ ಕಿರಣದಲ್ಲಿಲ್ಲ. ಯಾರ ಕಣ್ಣಿಗೆ ಅದನ್ನು ಮುಟ್ಟಿಸಬಾರದು ಎಂದು ಮೊದಲೇ ತಿಳಿಸುವ ಪರೀಕ್ಷೆಯಲ್ಲಿದೆ. ನಮ್ಮ ವಿಜಯಪುರ ಸೀಮೆಯ ಮಟ್ಟಿಗಂತೂ ಇದು ಎರಡರಷ್ಟು ನಿಜ.

ವಿಜ್ಞಾನದ ಸಾಧನೆಯನ್ನು ಕಿರಿದು ಮಾಡಲು ನಾನು ಹೊರಟಿಲ್ಲ. 1981ರಲ್ಲಿ ಅಮೆರಿಕದ ಐಬಿಎಂ ಪ್ರಯೋಗಾಲಯದಲ್ಲಿ ಮದರಾಸು ಮೂಲದ ವಿಜ್ಞಾನಿ ರಂಗಸ್ವಾಮಿ ಶ್ರೀನಿವಾಸನ್ ಹಬ್ಬದೂಟದಲ್ಲಿ ಉಳಿದಿದ್ದ ಟರ್ಕಿ ಕೋಳಿಯ ತುಣುಕಿನ ಮೇಲೆ 193 ನ್ಯಾನೋಮೀಟರ್ ತರಂಗದ ಎಕ್ಸೈಮರ್ ಲೇಜರ್ ಬಿಟ್ಟು ನೋಡಿದರು. ಗಾಯ ಬಿತ್ತು, ಆದರೆ ಅಂಚು ಸುಡಲಿಲ್ಲ, ಕರಕಾಗಲಿಲ್ಲ. ಅಲ್ಲಿಂದ ಶುರುವಾದದ್ದು ಮೊದಲು ಕಣ್ಣಿನ ಮುಂಭಾಗದ ಪಾರದರ್ಶಕ ಪಟಲವಾದ ಕಾರ್ನಿಯಾದ ಮೇಲ್ಮೈಯನ್ನೇ ಸವರುವ ಪಿಆರ್‌ಕೆ ಆಯಿತು. ಆಮೇಲೆ ತೆಳುವಾದ ಪದರವೊಂದನ್ನು ಎತ್ತಿ, ಒಳಗೆ ಸವರಿ, ಮತ್ತೆ ಮುಚ್ಚುವ ಲೇಸಿಕ್ ಬಂತು. ಇದೀಗ ಎರಡರಿಂದ ನಾಲ್ಕು ಮಿಲಿಮೀಟರಿನ ಸೀಳಿನಿಂದ ಒಳಗಿನ ಬಿಲ್ಲೆಯನ್ನಷ್ಟೇ ಎಳೆದು ತೆಗೆಯುವ ಸ್ಮೈಲ್ ಬಂದಿದೆ. ಇದರ ಹಿಂದಿರುವ ಅತಿ ಕಿರುಮಿಡಿತದ ಲೇಜರ್ ವಿಧಾನಕ್ಕೆ ಜೆರಾರ್ ಮುರು ಮತ್ತು ಡೊನ್ನಾ ಸ್ಟ್ರಿಕ್‌ಲ್ಯಾಂಡ್ ಅವರಿಗೆ 2018ರ ಭೌತವಿಜ್ಞಾನದ ನೊಬೆಲ್ ಸಂದಿತು. ಇಂಡಿ ತಾಲೂಕಿನ ನಿಂಬೆ ತೋಟದಲ್ಲಿ ದಿನವಿಡೀ ಮುಳ್ಳಿನ ಟೊಂಗೆಗಳ ನಡುವೆ ದುಡಿಯುವವನಿಗೆ ಈ ವ್ಯತ್ಯಾಸ ಸಣ್ಣದಲ್ಲ. ಲೇಸಿಕ್‌ನ ಪದರ ವರ್ಷಗಳ ನಂತರವೂ ಬಲವಾದ ಪೆಟ್ಟಿಗೆ ಜರುಗಬಹುದು. ಸ್ಮೈಲ್‌ನಲ್ಲಿ ಜರುಗಲು ಪದರವೇ ಇಲ್ಲ.

ಇಷ್ಟೆಲ್ಲ ಆದರೂ ಎಲ್ಲ ವಿಧಾನಗಳೂ ಮಾಡುವ ಕೆಲಸ ಒಂದೇ: ಕಾರ್ನಿಯಾವನ್ನು ತೆಳುಗೊಳಿಸುವುದು. ಕಾರ್ನಿಯಾದ ನಡುಭಾಗದ ದಪ್ಪ ಸರಾಸರಿ 540 ಮೈಕ್ರಾನ್, ಅಂದರೆ ಅರ್ಧ ಮಿಲಿಮೀಟರಿಗಿಂತ ತುಸು ಹೆಚ್ಚು. ಚಸ್ಮಾದ ಒಂದು ನಂಬರ್ ಇಳಿಸಲು ಸುಮಾರು 12ರಿಂದ 15 ಮೈಕ್ರಾನ್ ಹೋಗುತ್ತದೆ. ಮೈನಸ್ ಆರು ಇದ್ದವರಿಗೆ 72-90 ಮೈಕ್ರಾನ್, ಲೇಸಿಕ್ ಆದರೆ ಮೇಲೆ ಪದರದ 100-120. ಉಳಿದದ್ದು ಕಣ್ಣೊಳಗಿನ ಒತ್ತಡವನ್ನು ಜೀವನಪೂರ್ತಿ ತಡೆದುಕೊಂಡಿರಬೇಕು. ತಡೆಯದಿದ್ದರೆ ಸೈಕಲ್ ಟ್ಯೂಬಿನ ತೆಳುವಾದ ಜಾಗ ಉಬ್ಬುವಂತೆ ಕಾರ್ನಿಯಾ ಮುಂದಕ್ಕೆ ಉಬ್ಬುತ್ತದೆ. ಆಮೇಲೆ ಚಸ್ಮಾ ಹಾಕಿದರೂ ದೃಷ್ಟಿ ನೇರವಾಗುವುದಿಲ್ಲ.

ಹಾಗೆ ಉಬ್ಬುವ ಕಾಯಿಲೆ ಕೆಲವರಿಗೆ ಹುಟ್ಟುಗುಣದಿಂದಲೇ ಇರುತ್ತದೆ. ಅದನ್ನು ಕೆರಟೋಕೋನಸ್ ಎನ್ನುತ್ತಾರೆ. ಕಣ್ಣನ್ನು ಸದಾ ಉಜ್ಜಿಕೊಳ್ಳುವುದು ಅದನ್ನು ಬೆಳೆಸುತ್ತದೆ. ನಮ್ಮ ಊರುಗಳ ಬೇಸಿಗೆಯನ್ನು ನೆನೆಯಿರಿ. ಬಿಸಿಲು, ಒಣಗಾಳಿ, ಎರೆಮಣ್ಣಿನ ಧೂಳು. ಜೋಳದ, ತೊಗರಿಯ ರಾಶಿ ನಡೆಯುವಾಗ ಹಾರುವ ಹೊಟ್ಟು. ಅಂಗಳದಲ್ಲಿ ಎಂಟು ವರ್ಷದ ಹುಡುಗ ಬೆರಳಿನ ಗೆಣ್ಣನ್ನು ಕಣ್ಣಿಗೊತ್ತಿ ತಿರುವುತ್ತಲೇ ಇರುತ್ತಾನೆ. ರೆಪ್ಪೆ ಕೆಂಪಾಗಿದೆ, ಅಂಚಿನಲ್ಲಿ ನೂಲಿನಂಥ ಪಿಸುರು. "ಧೂಳ ಬಿದ್ದೈತಿ ಬಿಡ್ರಿ" ಎಂದು ಮನೆಯವರು ಸುಮ್ಮನಾಗುತ್ತಾರೆ. ಅದು ಬಿಸಿಲ ಸೀಮೆಯ ಮಕ್ಕಳನ್ನು ವರ್ಷ ವರ್ಷ ಕಾಡುವ ಅಲರ್ಜಿ. ಆ ಹುಡುಗನಿಗೆ ಹದಿನೈದಾಗುವಷ್ಟರಲ್ಲಿ ನಂಬರ್ ಆರಾರು ತಿಂಗಳಿಗೆ ಬದಲಾಗತೊಡಗಿದರೆ ಕೆರಟೋಕೋನಸ್ ಎಂದೇ ಅನುಮಾನಿಸಬೇಕು. ಇಪ್ಪತ್ತೆರಡಕ್ಕೆ ಅವನೇ 'ಹತ್ತು ನಿಮಿಷದ ಕೆಲಸ'ಕ್ಕೆ ಬಂದು ಕೂತರೆ, ಅವನನ್ನು ಉಳಿಸುವುದು ಕಾರ್ನಿಯಾದ ಉಬ್ಬುತಗ್ಗುಗಳ ನಕ್ಷೆ ತೆಗೆಯುವ ಟೊಪೋಗ್ರಫಿ ಯಂತ್ರ. ಬರಿಗಣ್ಣಿಗೆ ಕಾಣದ ಉಬ್ಬನ್ನು ಅದು ಬಣ್ಣಗಳಲ್ಲಿ ತೋರಿಸಿ 'ಇವನಿಗೆ ಬೇಡ' ಎನ್ನುತ್ತದೆ. ರೋಗ ಬೇಗ ಸಿಕ್ಕರೆ ವಿಟಮಿನ್ ಬಿ2 ಹನಿ ಮತ್ತು ಅತಿನೇರಳೆ ಬೆಳಕಿನಿಂದ ಕಾರ್ನಿಯಾವನ್ನು ಗಟ್ಟಿಗೊಳಿಸುವ ಸಿ3ಆರ್ ಚಿಕಿತ್ಸೆಯೂ ಇದೆ. ತೀರಾ ತಡವಾದರೆ ಸತ್ತವರು ದಾನ ಕೊಟ್ಟ ಕಾರ್ನಿಯಾವೇ ಬೇಕಾಗಬಹುದು.

ಇದಕ್ಕೆ ಎದುರಾಗಿ ಬರುವ ಒಂದು ವಾದವನ್ನು ನಾನು ಗೌರವಿಸುತ್ತೇನೆ. ಬೆಂಗಳೂರಿನ ಸಾಫ್ಟ್‌ವೇರ್ ಹುಡುಗಿ ಲೇಸಿಕ್ ಮಾಡಿಸಿಕೊಂಡರೆ ಅದು ಅವಳ ಸ್ವಾತಂತ್ರ್ಯ, ಸಿಂದಗಿಯ ಹುಡುಗಿ ಕೇಳಿದರೆ ಮಾತ್ರ ನೂರು ಎಚ್ಚರಿಕೆಯೇ? ಈ ಪ್ರಶ್ನೆ ಚುಚ್ಚುತ್ತದೆ, ಚುಚ್ಚಬೇಕು ಕೂಡ. ಬೆವರಿಗೆ ಮೂಗಿನಿಂದ ಜಾರುವ, ಧೂಳಿಗೆ ಮಸುಕಾಗುವ ಚಸ್ಮಾ ಹೊಲದಲ್ಲಿ ದುಡಿಯುವವರಿಗೆ ನಿಜಕ್ಕೂ ತೊಡಕು. ಕೈತೊಳೆಯಲು ನೀರಿಲ್ಲದಲ್ಲಿ ಕಾಂಟ್ಯಾಕ್ಟ್ ಲೆನ್ಸ್ ಅಪಾಯ. ಆದ್ದರಿಂದ ಹದಿನೆಂಟು ದಾಟಿ, ನಂಬರ್ ಒಂದು ವರ್ಷವಾದರೂ ನಿಂತು, ಕಾರ್ನಿಯಾ ಒಪ್ಪಿದ ಮೇಲೆ, ಅವಳೇ ಬಯಸಿದರೆ ಮಾಡಿಸಿಕೊಳ್ಳಲಿ. ಬಸುರಿ, ಬಾಣಂತಿ ದಿನಗಳಲ್ಲಿ ಬೇಡ, ಆಗ ನಂಬರ್ ಸ್ಥಿರವಾಗಿರುವುದಿಲ್ಲ. ಕೆಲವು ತಿಂಗಳು ಕಣ್ಣು ಒಣಗುತ್ತದೆ, ನಮ್ಮ ಗಾಳಿಗೆ ಇನ್ನಷ್ಟು. ನಲವತ್ತು ದಾಟಿದಾಗ ಓದಲು ಚಸ್ಮಾ ಬಂದೇ ಬರುತ್ತದೆ. ಇದನ್ನೆಲ್ಲ ಅವಳಿಗೆ ಮೊದಲೇ ಹೇಳಿರಬೇಕು. ನಾನು ವಿರೋಧಿಸುವುದು ಬೇರೆಯವರು ಹಾಕಿದ ಷರತ್ತಿಗೆ ಅವಳ ಕಣ್ಣನ್ನು ಒಡ್ಡುವುದನ್ನು.

ಇದೇ ನೆಲದವರಾದ ಡಾ. ಎಂ.ಸಿ. ಮೋದಿಯವರನ್ನು ನೆನೆಯದೆ ಈ ಮಾತು ಮುಗಿಯದು. 1916ರಲ್ಲಿ ಆಗಿನ ಬಿಜಾಪುರ ಜಿಲ್ಲೆಯ ಬೀಳಗಿಯಲ್ಲಿ ಹುಟ್ಟಿದವರು. ಊರೂರಿಗೆ ಹೋಗಿ ಉಚಿತ ಶಿಬಿರ ನಡೆಸಿ, ಒಂದೇ ದಿನ ನೂರಾರು ಜನರ ಮೋತಿಬಿಂದು ತೆಗೆದರು. 1968ರಲ್ಲಿ ಪದ್ಮಭೂಷಣ ಬಂತು. ಕಣ್ಣೊಳಗೆ ಕೃತಕ ಮಸೂರ ಇಡುವ ಪದ್ಧತಿ ಇನ್ನೂ ಇಲ್ಲಿಗೆ ಬಂದಿರದ ಆ ಕಾಲದಲ್ಲಿ, ಮೋತಿಬಿಂದು ತೆಗೆಸಿಕೊಂಡ ಅಜ್ಜಿಗೆ ಲೋಕ ಕಾಣಿಸಿದ್ದು ಸೋಡಾ ಬಾಟಲಿಯ ತಳದಂಥ ದಪ್ಪ ಗಾಜಿನೊಳಗಿಂದ. ಮೊಮ್ಮಗುವಿನ ಮುಖ ಕಂಡಿತೆಂದು ಅತ್ತವರು ಆ ಗಾಜನ್ನು ಹೆಮ್ಮೆಯಿಂದ ಧರಿಸಿದರು. ಅವರ ಮೊಮ್ಮಕ್ಕಳ ಕಾಲಕ್ಕೆ ಅದೇ ಗಾಜು ನಾಚಿಕೆಯ ವಸ್ತುವಾಗಿರುವುದು ನನ್ನನ್ನು ಕೆರಳಿಸುತ್ತದೆ. ಮೈನಸ್ ಮೂರು ಇರುವುದು ಗೊತ್ತೇ ಇಲ್ಲದೆ ಕೊನೆಯ ಬೆಂಚಿನಲ್ಲಿ ಕೂತು 'ದಡ್ಡ' ಅನ್ನಿಸಿಕೊಳ್ಳುವ ಮಕ್ಕಳು ನಮ್ಮ ಶಾಲೆಗಳಲ್ಲಿ ಇಂದಿಗೂ ಇದ್ದಾರೆ. ಅವರಿಗೆ ಬೇಕಾದ ಚಿಕಿತ್ಸೆ ಒಂದು ಚಸ್ಮಾ.

ನೌಕರಿಗಾಗಿ ಲೇಜರ್ ಮಾಡಿಸಲು ಹೊರಟ ಹುಡುಗರಿಗೂ ಒಂದು ಮಾತು. ರೈಲ್ವೆಯ ಸಹಾಯಕ ಲೋಕೋ ಪೈಲಟ್ ಹುದ್ದೆಗೆ ಲೇಸಿಕ್ ಮಾಡಿಸಿಕೊಂಡವರು ಅರ್ಹರಲ್ಲ ಎಂದು ನೇಮಕಾತಿ ಅಧಿಸೂಚನೆಯಲ್ಲೇ ಇದೆ. ಯಾವ ಇಲಾಖೆಯೇ ಆಗಲಿ, ಮೊದಲು ನಿಯಮ ಓದಿ, ಆಮೇಲೆ ಸೊಲ್ಲಾಪುರಕ್ಕೋ ಹುಬ್ಬಳ್ಳಿಗೋ ಗಾಡಿ ಹತ್ತಿ.

ಜಿಲ್ಲೆಯ ಶಾಸಕರಿಗೆ, ಆರೋಗ್ಯ ಇಲಾಖೆಗೆ ನನ್ನ ಬೇಡಿಕೆ ಒಂದೇ. ಎಲ್ಲ ತಾಲೂಕುಗಳ ಸರಕಾರಿ ಆಸ್ಪತ್ರೆಗಳಿಗೆ ಲೇಜರ್ ಯಂತ್ರ ತರುವ ಮಾತು ಆಮೇಲೆ. ಮೊದಲು ಟೊಪೋಗ್ರಫಿ ಯಂತ್ರ ತನ್ನಿ, ಅದನ್ನು ಓದಬಲ್ಲವರನ್ನು ನೇಮಿಸಿ. ತಂದೆತಾಯಿಗಳೇ, ಕಣ್ಣುಜ್ಜುವ ಮಗುವನ್ನು ಈ ಬೇಸಿಗೆಯಲ್ಲೇ ಕಣ್ಣಿನ ಡಾಕ್ಟರಿಗೆ ತೋರಿಸಿ. ಮುಂದೆಂದಾದರೂ ನಕ್ಷೆಯಲ್ಲಿ 'ಬೇಡ' ಎಂದು ಬಂದರೆ, 'ಮಾಡುತ್ತೇವೆ' ಎನ್ನುವವರು ಸಿಗುವ ತನಕ ಆಸ್ಪತ್ರೆ ಬದಲಿಸುತ್ತ ಹೋಗಬೇಡಿ.