ಮೀಸೆ ಮಣ್ಣಾಗದ ಶೂರರು

ಬಿದ್ದರೂ ಮೀಸೆ ಮಣ್ಣಾಗಲಿಲ್ಲ ಎಂಬ ಗಾದೆ ಹುಟ್ಟಿದ್ದು ಕುಸ್ತಿಯ ಕಣದಲ್ಲೇ ಇರಬೇಕು. ಬೆನ್ನು ನೆಲಕ್ಕೆ ತಾಗಿದ್ದನ್ನು ಊರೆಲ್ಲ ಕಂಡಿದ್ದರೂ ಎದ್ದು ನಿಂತು ಮೀಸೆ ತೋರಿಸುವ ಪೈಲ್ವಾನನನ್ನು ನೋಡಿ ನಕ್ಕವರು ಕಟ್ಟಿದ ಮಾತು ಅದು. ನಮ್ಮ ಹಿರಿಯರ ಬಳಿ ದಂಡ ಹಾಕುವ ಕಮಿಟಿಯಿರಲಿಲ್ಲ, ನಿಯಮದ ಪುಸ್ತಕವಿರಲಿಲ್ಲ. ಆ ನಗು ಇತ್ತು. ಈಗ ಕಮಿಟಿಯೂ ಇದೆ, ಪುಸ್ತಕವೂ ಇದೆ, ನಗು ಮಾತ್ರ ಹೋಗಿದೆ. ಅದರ ಜಾಗದಲ್ಲಿ ಚಪ್ಪಾಳೆ ಬಂದು ಕೂತಿದೆ. ನನ್ನ ತಕರಾರು ಇರುವುದು ಆ ಚಪ್ಪಾಳೆಯ ಬಗ್ಗೆ.

ಹನ್ನೊಂದು ಜನ ಆಡುವ ಆಟದಲ್ಲಿ ಸೋಲನ್ನು ಹಂಚಿಕೊಳ್ಳಬಹುದು. ಕ್ಯಾಚ್ ಬಿಟ್ಟವನನ್ನು ಬೈದುಕೊಂಡು ಮನೆಗೆ ಹೋಗಬಹುದು. ಒಬ್ಬನಿಗೊಬ್ಬ ಎದುರಾಗುವ ಆಟದಲ್ಲಿ ಆ ಸೌಕರ್ಯವಿಲ್ಲ. ಸೋಲು ಪೂರ್ತಿ ನಿಮ್ಮ ಹೆಸರಿಗೇ ಖಾತೆಯಾಗುತ್ತದೆ. ಗರಡಿಮನೆಯವರಿಗೆ ಇದು ಗೊತ್ತಿತ್ತು. ಮೈಸೂರು ದಸರಾ ಕುಸ್ತಿಗೆ ಮುಂಚೆಯೇ ಜೋಡಿ ಕಟ್ಟುತ್ತಾರೆ, ಸರಿಸಮನಾದವರನ್ನೇ ಎದುರುಬದುರು ನಿಲ್ಲಿಸುತ್ತಾರೆ. ಕಣಕ್ಕಿಳಿದವನು ಮಣ್ಣು ಮುಟ್ಟಿ ಹಣೆಗೊತ್ತಿಕೊಳ್ಳುತ್ತಾನೆ. ಬೆವರಿಗೆ ಹಿಡಿತ ಜಾರಬಾರದೆಂದು ಎದುರಾಳಿಯ ಮೈಗೂ ಮಣ್ಣು ಎರಚುತ್ತಾನೆ. ಇದು ಬರೀ ಶಾಸ್ತ್ರವಲ್ಲ. ಎದುರಿಗೆ ನಿಂತವನು ಇಲ್ಲದಿದ್ದರೆ ನನ್ನ ಬಲಕ್ಕೆ ಬೆಲೆಯೇ ಇಲ್ಲ ಎಂಬ ತಿಳುವಳಿಕೆ.

ನಮ್ಮ ದುದ್ದದಲ್ಲಿ ಈಗ ಎಲ್ಲ ಹುಡುಗರ ಕೈಯಲ್ಲೂ ಫೋನಿದೆ. ಅದರಲ್ಲಿ ಅವರು ನೋಡುವುದು ಪೂರ್ತಿ ಆಟವನ್ನಲ್ಲ, ಬ್ಯಾಟು ಮುರಿಯುವ ಅರ್ಧ ನಿಮಿಷವನ್ನು. ಯಾಕಪ್ಪ ಇದನ್ನು ನೋಡುತ್ತೀಯ ಎಂದು ನನ್ನ ತಮ್ಮನ ಮಗನನ್ನು ಕೇಳಿದೆ. “ಆ ಬೆಂಕಿ ಇಲ್ದಿದ್ರೆ ಚಾಂಪಿಯನ್ ಆಗಕ್ಕಾಯ್ತದಾ ದೊಡ್ಡಪ್ಪ?” ಎಂದ. ಕೋಪ ತಡೆಯಲಾಗದ್ದು, ಅದು ಪ್ರತಿಭೆಯ ಜೊತೆಗೇ ಬರುತ್ತದೆ ಎಂಬುದು ಅವನ ವಾದ. ಇದು ಶುದ್ಧ ಸುಳ್ಳು ಎನ್ನಲು ನನ್ನ ಬಳಿ ಸಾಕ್ಷಿಯಿದೆ.

ಟೆನಿಸ್ ಲೋಕದ ಕೋಪಿಷ್ಠರ ದೊರೆ ಜಾನ್ ಮೆಕೆನ್ರೊ. 1990ರ ಆಸ್ಟ್ರೇಲಿಯನ್ ಓಪನ್‌ನಲ್ಲಿ ಪೆರ್ನ್‌ಫೋರ್ಸ್ ಎಂಬ ಸ್ವೀಡನ್ನಿನವನ ಮೇಲೆ ಆಡುವಾಗ ಆತನನ್ನು ಪಂದ್ಯದ ನಡುವೆಯೇ ಹೊರಗೆ ಹಾಕಿದರು. ಆಗ ಆತ ಹೇಳಿದ್ದೇನು? ನಿಯಮ ಬದಲಾಗಿದ್ದು ಮರೆತಿದ್ದೆ ಎಂದು! ಹಿಂದೆ ನಾಲ್ಕನೆಯ ತಪ್ಪಿಗೆ ಹೊರಗೆ ಕಳಿಸುತ್ತಿದ್ದರು, ಆ ವರ್ಷದಿಂದ ಮೂರನೆಯದಕ್ಕೇ. ನೋಡಿ ಸ್ವಾಮಿ, ತಡೆಯಲಾಗದ ಕೋಪಕ್ಕೆ ಎಷ್ಟು ಚೊಕ್ಕ ಲೆಕ್ಕ! ಇನ್ನೊಂದು ತಪ್ಪಿಗೆ ಅವಕಾಶವಿದೆ ಎಂದು ಎಣಿಸಿಕೊಂಡೇ ಬೈಯುತ್ತಿದ್ದ ಮಹಾರಾಯ. ಇದೇ ಮನುಷ್ಯ ಬೋರ್ಗ್ ಎದುರಿಗೆ ನಿಂತಾಗ ತೆಪ್ಪಗಿರುತ್ತಿದ್ದ. 1980ರ ವಿಂಬಲ್ಡನ್ ಫೈನಲ್‌ನಲ್ಲಿ ಐದು ಸೆಟ್ ಆಡಿ ಸೋತ, ನಾಲ್ಕನೆಯ ಸೆಟ್ಟಿನ ಟೈಬ್ರೇಕರನ್ನು 18-16ರವರೆಗೆ ಎಳೆದು ಗೆದ್ದಿದ್ದ. ಅಂಥ ಒತ್ತಡದಲ್ಲೂ ಹಿಡಿತ ತಪ್ಪಲಿಲ್ಲ. ಗೌರವವಿದ್ದ ಕಡೆ ಕೋಪ ಬಾಲ ಮುದುರಿಕೊಂಡು ಕೂರುತ್ತದೆ ಎಂದಾಯಿತಲ್ಲ.

ಅಂದರೆ ಇದು ಸ್ವಭಾವದ ಪ್ರಶ್ನೆಯಲ್ಲ, ಸಲಿಗೆಯ ಪ್ರಶ್ನೆ. ಸಲಿಗೆ ಕೊಡುವವರು ಯಾರು? ಮೊದಲನೆಯದಾಗಿ ಆಟದ ಯಜಮಾನರು. 2022ರಲ್ಲಿ ಮೆಕ್ಸಿಕೋದ ಅಕಪುಲ್ಕೊದಲ್ಲಿ ಡಬಲ್ಸ್ ಸೋತ ಜ್ವೆರೆವ್, ಅಂಪೈರ್ ಇನ್ನೂ ಮೇಲೆ ಕೂತಿದ್ದಂತೆಯೇ ಆ ಕುರ್ಚಿಗೆ ರಾಕೆಟ್‌ನಿಂದ ಮತ್ತೆ ಮತ್ತೆ ಬಾರಿಸಿದ. ಆ ಟೂರ್ನಿಯಿಂದ ಹೊರಗೆ ಹಾಕಿ 40,000 ಡಾಲರ್ ದಂಡ ಹಾಕಿದರು. ಆಮೇಲೆ 8 ವಾರದ ನಿಷೇಧವನ್ನೂ ಸಾರಿದರು. ಆದರೆ ಒಂದು ವರ್ಷ ನೆಟ್ಟಗಿದ್ದರೆ ಅದು ಜಾರಿಗಿಲ್ಲ ಎಂದರು. ಕೋಟಿಗಟ್ಟಲೆ ದುಡಿಯುವವನಿಗೆ ಇದು ದಂಡವಲ್ಲ, ಸುಂಕ.

ಎರಡನೆಯದಾಗಿ, ನಾವು. ಸದ್ದಿಲ್ಲದ ಆಟವೆಂದುಕೊಂಡಿದ್ದ ಚದುರಂಗಕ್ಕೂ ಈಗ ಈ ಜಾಡ್ಯ ತಗುಲಿದೆ. 2025ರ ಜೂನ್‌ನಲ್ಲಿ ನಾರ್ವೆಯಲ್ಲಿ ಗುಕೇಶ್‌ಗೆ ಸೋತ ಕಾರ್ಲ್‌ಸನ್ ಮೇಜು ಗುದ್ದಿದ, ಕಾಯಿಗಳು ಉರುಳಿದವು. ಕೂಡಲೇ ಕ್ಷಮೆ ಕೇಳಿದ, ಹುಡುಗನ ಬೆನ್ನು ತಟ್ಟಿದ ಎಂಬುದನ್ನೂ ಹೇಳಬೇಕು. ಆದರೆ ಜಗತ್ತು ಮತ್ತೆ ಮತ್ತೆ ನೋಡಿದ್ದು ಗುದ್ದನ್ನು, ಕ್ಷಮೆಯನ್ನಲ್ಲ. ನಾಲ್ಕೇ ತಿಂಗಳಲ್ಲಿ ಅಮೆರಿಕದ ಆರ್ಲಿಂಗ್ಟನ್‌ನ ಪ್ರದರ್ಶನ ಪಂದ್ಯವೊಂದರಲ್ಲಿ ನಕಮುರ ಎಂಬಾತ ಗುಕೇಶನನ್ನು ಸೋಲಿಸಿ, ಗುಕೇಶನ ರಾಜನನ್ನೇ ಎತ್ತಿ ಜನರ ನಡುವೆ ಎಸೆದ. ಗೆದ್ದರೆ ಹೀಗೆ ಮಾಡಬೇಕೆಂದು ಮೊದಲೇ ಅಂದುಕೊಂಡಿದ್ದನಂತೆ. ಇದರಲ್ಲಿ ಕೋಪವೂ ಇಲ್ಲ, ಬೆಂಕಿಯೂ ಇಲ್ಲ. ಇರುವುದು ಗಿರಾಕಿಗಳ ಲೆಕ್ಕ. ಜನ ಕೂಗಿ ಸಂಭ್ರಮಿಸಿದರು.

ಸೋತವನು ಕಲ್ಲಿನಂತಿರಲಿ ಎಂದು ನಾನು ಹೇಳುತ್ತಿಲ್ಲ. ಸೋಲು ನೋಯಲೇಬೇಕು, ಅಳು ಬಂದರೆ ಅಳಲಿ. ಮೆಕೆನ್ರೊ ಫೈನಲ್ ಸೋತ ಅದೇ 1980ರಲ್ಲಿ, ಮಾರ್ಚ್ ತಿಂಗಳಲ್ಲಿ, ನಮ್ಮ ಪ್ರಕಾಶ್ ಪಡುಕೋಣೆ ಇಂಡೋನೇಷ್ಯಾದ ಲಿಯೆಮ್ ಸ್ವೀ ಕಿಂಗ್‌ನನ್ನು 15-3, 15-10ರಿಂದ ಮಣಿಸಿ ಆಲ್ ಇಂಗ್ಲೆಂಡ್ ಗೆದ್ದರು. ಮರುವರ್ಷ ಫೈನಲ್‌ನಲ್ಲಿ ಅದೇ ಕಿಂಗ್‌ಗೆ ಸೋತರು. ಎರಡು ಸಲವೂ ಅವರು ಕೂಗಾಡಿದರೆಂದು ಯಾರೂ ಹೇಳಿದ್ದನ್ನು ನಾನು ಕೇಳಿಲ್ಲ. ಮಲ್ಲೇಶ್ವರದ ಮದುವೆ ಛತ್ರದಲ್ಲಿ, ಮದುವೆಯಿಲ್ಲದ ಹೊತ್ತಿನಲ್ಲಿ ಆಡಿ ಕಲಿತವರು ಅವರು. ಬೆಂಕಿ ಇರಲಿಲ್ಲ ಎನ್ನುತ್ತೀರಾ? ಇನ್ನು ಗುಕೇಶ್ 2024ರ ಡಿಸೆಂಬರ್‌ನಲ್ಲಿ ಡಿಂಗ್ ಲಿರೆನ್‌ನನ್ನು ಸೋಲಿಸಿ 18ನೇ ವಯಸ್ಸಿಗೇ ವಿಶ್ವ ಚಾಂಪಿಯನ್ ಆದಾಗ ಬಿಕ್ಕಿ ಅಳುತ್ತಲೇ ಒಂದು ಕೆಲಸ ಮಾಡಿದ. ಮಣೆಯ ಮೇಲಿನ ಕಾಯಿಗಳನ್ನೆಲ್ಲ ಮತ್ತೆ ಅವುಗಳ ಮನೆಯಲ್ಲಿ ಜೋಡಿಸಿಟ್ಟ. ಈ ದೃಶ್ಯವೂ ಫೋನಿನಲ್ಲೇ ಇದೆ. ನಮ್ಮ ಹುಡುಗರಿಗೆ ಯಾರೂ ಹುಡುಕಿ ತೋರಿಸಿಲ್ಲ.

ದೂರದ ಶ್ರೀಮಂತರ ಬ್ಯಾಟು, ಅವರು ಮುರಿದುಕೊಂಡರೆ ನಿನಗೇನು ಎಂದು ಕೇಳುವವರಿಗೆ ಇಷ್ಟು ಹೇಳುತ್ತೇನೆ. ನಮ್ಮ ಹೋಬಳಿಯ ಶಾಲೆಯೊಂದರಲ್ಲಿ ನಲವತ್ತು ಮಕ್ಕಳಿಗೆ ಎರಡೇ ಶಟಲ್ ಬ್ಯಾಟ್ ಇದ್ದವು. ಪಂದ್ಯ ಸೋತ ಹುಡುಗನೊಬ್ಬ ಫೋನಿನಲ್ಲಿ ಕಂಡ ಹಾಗೇ ಒಂದನ್ನು ನೆಲಕ್ಕೆ ಬಡಿದು ಮುರಿದ. ಸುತ್ತ ನಿಂತಿದ್ದ ದೊಡ್ಡವರು, “ಹುಡುಗನಿಗೆ ಏನು ರೋಷ ನೋಡ್ರಿ” ಎಂದು ಮೆಚ್ಚಿಕೊಂಡರು. ಅವನ ನಂತರ ಆಡಬೇಕಿದ್ದ ಹುಡುಗಿ ಆ ದಿನ ಆಡಲೇ ಇಲ್ಲ. ಒಂಟಿ ಬ್ಯಾಟ್ ಹಿಡಿದು ಯಾರ ಜೊತೆ ಆಡುವುದು? ಅವಳ ರೋಷವನ್ನು ಯಾರೂ ಕೇಳಲಿಲ್ಲ.