ಮನೆಯ ಲೆಕ್ಕ: “ನಾಳೆಯಿಂದ ಬರಬೇಡಮ್ಮ” ಎಂದರೆ...



ಕೊರಟಗೆರೆಯ ಸೋದರಿಯೊಬ್ಬರ ಕಾಗದ ನನ್ನ ಮುಂದಿದೆ. ಅವರ ಮಗಳು ನಾಲ್ಕು ವರ್ಷ ಬಟ್ಟೆ ಹೊಲಿಯುವ ಕಾರ್ಖಾನೆಗೆ ಹೋದಳು. ಐದಕ್ಕೆ ಎದ್ದು ಬುತ್ತಿ ಕಟ್ಟಿಕೊಂಡು, ಆರಕ್ಕೆ ವ್ಯಾನು ಹತ್ತುತ್ತಿದ್ದ ಹುಡುಗಿ. ಕಳೆದ ತಿಂಗಳು ಒಂದು ಸಂಜೆ ಸೂಪರ್‌ವೈಸರು, “ಆರ್ಡರ್ ಇಲ್ಲ, ನಾಳೆಯಿಂದ ಬರಬೇಡಮ್ಮ” ಅಂದರಂತೆ. ಒಂದು ಕಾಗದಕ್ಕೆ ಸಹಿಯನ್ನೂ ಹಾಕಿಸಿಕೊಂಡರು. ಅದರಲ್ಲಿ ಏನಿತ್ತೆಂದು ಇವಳು ಓದಲಿಲ್ಲ.

“ಚೀಟಿ ಹಣ ಕಟ್ಟೋದು ಹ್ಯಾಗೆ? ಹೀಗೆ ಏಕಾಏಕಿ ಬಿಡಿಸೋಕೆ ಕಾನೂನು ಒಪ್ಪುತ್ತದೆಯೆ? ನಮ್ಮ ಯಜಮಾನರು, ಈ ಕಾನೂನುಗಳಿಂದಲೇ ಕಂಪನಿಯವರು ಯಾರನ್ನೂ ಖಾಯಂ ಮಾಡೋದಿಲ್ಲ ಅಂತಾರೆ. ನಿಜವೆ?” ಎಂದು ಕೇಳಿದ್ದಾರೆ.

ಮೊದಲ ಪ್ರಶ್ನೆಗೆ ಉತ್ತರ: ಒಪ್ಪುವುದಿಲ್ಲ. ಎರಡನೆಯದಕ್ಕೆ: ಯಜಮಾನರ ಮಾತು ಅರ್ಧ ನಿಜ. ಎರಡನ್ನೂ ಬಿಡಿಸಿ ನೋಡೋಣ.

1947ರ ಕೈಗಾರಿಕಾ ವಿವಾದಗಳ ಕಾಯ್ದೆಗೆ 1953ರಲ್ಲಿ ಒಂದು ನಿಯಮ ಸೇರಿತು. ಒಂದು ವರ್ಷ ದುಡಿದವರನ್ನು ಕೆಲಸವಿಲ್ಲವೆಂದು ಬಿಡಿಸಬೇಕಾದರೆ ಒಂದು ತಿಂಗಳ ನೋಟೀಸು, ಇಲ್ಲವೆ ಆ ತಿಂಗಳ ಸಂಬಳ ಕೊಡಬೇಕು. ಅದರ ಮೇಲೆ, ತುಂಬಿದ ಪ್ರತಿ ವರ್ಷಕ್ಕೂ 15 ದಿನದ ಸಂಬಳ ಪರಿಹಾರ. ಹನ್ನೆರಡು ತಿಂಗಳಲ್ಲಿ 240 ದಿನ ದುಡಿದಿದ್ದರೆ ಒಂದು ವರ್ಷವೆಂದೇ ಲೆಕ್ಕ. 2025ರ ನವೆಂಬರ್ 21ರಂದು ಆ ಕಾಯ್ದೆಯ ಜಾಗಕ್ಕೆ ಕೈಗಾರಿಕಾ ಸಂಬಂಧಗಳ ಸಂಹಿತೆ ಬಂದಿದೆ. ಈ ಲೆಕ್ಕ ಅದರಲ್ಲೂ ಹಾಗೇ ಉಳಿದಿದೆ.

ಮಗಳ ಸಂಬಳ ತಿಂಗಳಿಗೆ 12,000 ರೂಪಾಯಿ ಎಂದಿಟ್ಟುಕೊಳ್ಳಿ. ನೋಟೀಸಿನ ಬದಲು 12,000, ನಾಲ್ಕು ವರ್ಷಕ್ಕೆ ಸುಮಾರು 24,000, ಒಟ್ಟು 36,000. ದೊಡ್ಡ ಗಂಟೇನಲ್ಲ. ಆದರೆ ಮೂರು ತಿಂಗಳ ಉಸಿರು! ಒಡವೆ ಅಡ ಇಡದೆ, ಬಡ್ಡಿ ಸಾಲಕ್ಕೆ ಕೈಚಾಚದೆ ಬೇರೆ ಕೆಲಸ ಹುಡುಕಬಹುದು. ನನ್ನ ಮಟ್ಟಿಗೆ ಈ ಕಾನೂನು ಮನೆಗೆ ಕೊಡುವುದು ಹಣಕ್ಕಿಂತ ಹೆಚ್ಚಾಗಿ ಸಮಯವನ್ನು.

ಈಗ ಯಜಮಾನರ ಮಾತಿಗೆ ಬರೋಣ. 1976ರಲ್ಲಿ ಇನ್ನೊಂದು ಬೇಲಿ ಎದ್ದಿತು. 300 ಅಥವಾ ಹೆಚ್ಚು ಮಂದಿ ಇರುವ ಕಾರ್ಖಾನೆ ಜನರನ್ನು ಬಿಡಿಸಲು, ಬಾಗಿಲು ಹಾಕಲು ಸರ್ಕಾರದ ಅಪ್ಪಣೆ ಪಡೆಯಬೇಕು ಎಂದಾಯಿತು. 1984ರಿಂದ ಆ ಸಂಖ್ಯೆ 100ಕ್ಕೆ ಇಳಿಯಿತು. ಒಳಗಿದ್ದವರಿಗೆ ಅನುಕೂಲವೇ ಆಯಿತು. ಆದರೆ 95 ಮಂದಿಯನ್ನು ಇಟ್ಟುಕೊಂಡ ಮಾಲೀಕ ಏನು ಯೋಚಿಸುತ್ತಾನೆ? “ಇನ್ನು ಐದು ಜನ ಸೇರಿದರೆ ತಲೆನೋವು” ಎಂದು ಅಲ್ಲೇ ನಿಲ್ಲುತ್ತಾನೆ, ಇಲ್ಲವೆ ಕಂಟ್ರಾಕ್ಟರ ಕೈಯಿಂದ ಜನ ತರಿಸುತ್ತಾನೆ. 240 ದಿನ ತುಂಬುವ ಮೊದಲೇ ಮನೆಗೆ ಕಳಿಸಿ, ಮತ್ತೆ ಹೊಸಬರಂತೆ ಕರೆಯುವವರೂ ಉಂಟು. ಬೇಲಿ ಒಳಗಿನವರನ್ನು ಕಾಯಿತು. ಹೊರಗೆ ನಿಂತವರಿಗೆ ಗೇಟು ಕಿರಿದಾಯಿತು.

ಲಂಡನ್ನಿನ ಅರ್ಥಶಾಸ್ತ್ರಜ್ಞರಾದ ಬೆಸ್ಲಿ ಮತ್ತು ಬರ್ಗೆಸ್ 1958ರಿಂದ 1992ರವರೆಗಿನ ಲೆಕ್ಕ ತೆಗೆದು, ಕಾರ್ಮಿಕರ ಪರವಾಗಿ ಕಾಯ್ದೆ ತಿದ್ದಿದ ರಾಜ್ಯಗಳಲ್ಲಿ ನೋಂದಾಯಿತ ಕಾರ್ಖಾನೆಗಳ ಉತ್ಪಾದನೆ, ಉದ್ಯೋಗ ಹಿಂದೆ ಬಿದ್ದವೆಂದು 2004ರಲ್ಲಿ ಬರೆದರು. ದೆಹಲಿಯ ಆದಿತ್ಯ ಭಟ್ಟಾಚಾರ್ಜಿಯವರು, ಯಾವ ತಿದ್ದುಪಡಿ ಯಾರ ಪರ ಎಂದು ಅವರು ವಿಂಗಡಿಸಿದ ರೀತಿಯೇ ಸರಿಯಿಲ್ಲವೆಂದು ತಕರಾರು ತೆಗೆದರು. ಪಂಡಿತರ ಜಗಳ ಇನ್ನೂ ಮುಗಿದಿಲ್ಲ.

ನಮ್ಮ ಸೀಮೆಯನ್ನೇ ನೋಡಿ. ಒಂದು ಕಾಲಕ್ಕೆ ಮಧುಗಿರಿ, ಶಿರಾ ಕಡೆ “ಹುಡುಗ ತುಮಕೂರಿನ ಎಚ್.ಎಂ.ಟಿ.ಯಲ್ಲಿದ್ದಾನೆ” ಅಂದರೆ ಹೆಣ್ಣಿನ ಕಡೆಯವರಿಗೆ ಎರಡನೇ ಮಾತಿಲ್ಲ. 2016ರ ಜನವರಿಯಲ್ಲಿ ಆ ಗಡಿಯಾರ ಕಂಪನಿಯನ್ನು ಮುಚ್ಚಲು ಕೇಂದ್ರ ಸಂಪುಟ ಒಪ್ಪಿತು. ಖಾಯಂ ನೌಕರರನ್ನು ಬರಿಗೈಲಿ ಕಳಿಸಲಾಗದೆ ಸ್ವಯಂ ನಿವೃತ್ತಿಯ ಹಣ ಕೊಟ್ಟರು. ಇತ್ತ ಪಾವಗಡದ ತಿರುಮಣಿ ಬಳಿ 2,050 ಮೆಗಾವ್ಯಾಟಿನ ಸೋಲಾರ್ ಪಾರ್ಕು ಬಂತು. ಅಲ್ಲಿ ಫಲಕ ತೊಳೆಯುವ, ಹುಲ್ಲು ಕೀಳುವ ಕೆಲಸ ಬಹಳ ಮಟ್ಟಿಗೆ ಕಂಟ್ರಾಕ್ಟಿನದು. ಬೇಡವೆಂದ ದಿನ ಅವರ ಕೈಗೆ ಏನು ಬಂದೀತು?

ಹಾಗೆಂದು ಬೇಲಿಯೇ ಬೇಡವೆನ್ನಬಹುದೆ? 2020ರ ಜೂನಿನಲ್ಲಿ ಶ್ರೀರಂಗಪಟ್ಟಣದ ಗಾರ್ಮೆಂಟ್ಸ್ ಒಂದು 1,200ಕ್ಕೂ ಹೆಚ್ಚು ಮಂದಿಯನ್ನು ಕೆಲಸದಿಂದ ನಿಲ್ಲಿಸಿತು, ಬಹುಪಾಲು ಹೆಂಗಸರು. “ಸರ್ಕಾರದ ಅಪ್ಪಣೆ ಎಲ್ಲಿ?” ಎಂದು ಅವರು ವಾರಗಟ್ಟಲೆ ಗೇಟಿನ ಮುಂದೆ ಕೂತರು. 2021ರಲ್ಲಿ, ಅವರನ್ನು ಮೈಸೂರಿನ ಘಟಕಕ್ಕೆ ಸೇರಿಸಿಕೊಳ್ಳುವ ಬಗ್ಗೆ ಸಂಘದ ಜೊತೆ ಒಪ್ಪಂದವಾಯಿತು. ಕೇಳುವುದಕ್ಕೆ ಕಾನೂನಿನ ಆಧಾರವಿತ್ತು. ಅದಕ್ಕೇ ಧ್ವನಿಗೆ ಬೆಲೆ ಬಂತು.

ಹೊಸ ಸಂಹಿತೆ ಅಪ್ಪಣೆಯ ಸಂಖ್ಯೆಯನ್ನು ಮತ್ತೆ 300ಕ್ಕೆ ಏರಿಸಿದೆ. ನಿಗದಿತ ಅವಧಿಯ ನೇಮಕಕ್ಕೂ ಒಪ್ಪಿದೆ. ಆ ನೇಮಕದವರಿಗೂ ಖಾಯಂ ನೌಕರರಷ್ಟೇ ಸಂಬಳ ಸವಲತ್ತು ಸಿಗಬೇಕು, ಒಂದು ವರ್ಷ ದುಡಿದರೆ ಗ್ರಾಚ್ಯುಟಿ ಉಂಟು. ಆದರೆ ಅವಧಿ ಮುಗಿದು ಹೊರಬಿದ್ದರೆ ಮೇಲೆ ಹೇಳಿದ ಪರಿಹಾರವಿಲ್ಲ. ಗೇಟು ಅಗಲವಾದೀತು ಎಂಬುದು ಆಸೆ. ಅಷ್ಟೇ ಬೇಗ ಹೊರಗೆ ಕಳಿಸಿಯಾರು ಎಂಬುದು ಭಯ. ನನಗಂತೂ, ಸಣ್ಣ ಕಾರ್ಖಾನೆಗೆ ಅಪ್ಪಣೆಯ ಕಾಟ ತಪ್ಪಿದರೂ ಅಡ್ಡಿಯಿಲ್ಲ. ಆ 15 ದಿನದ ಲೆಕ್ಕ ಮಾತ್ರ ಪ್ರತಿಯೊಬ್ಬಳ ಕೈಗೂ ತಪ್ಪದೆ ಬರಬೇಕು.

ಅದಕ್ಕೆ ನಾವು ಮನೆಯಲ್ಲೇ ಮಾಡಬೇಕಾದ್ದು ಇಷ್ಟು:

ನೇಮಕದ ಪತ್ರ, ಸಂಬಳದ ಚೀಟಿ, ಗುರುತಿನ ಕಾರ್ಡು, ಪಿ.ಎಫ್. ಸಂಖ್ಯೆ ಒಂದೇ ಕಡೆ ಜೋಪಾನವಾಗಿಡಿ. ಕೆಲಸಕ್ಕೆ ಹೋದ ದಿನಗಳನ್ನು ಕ್ಯಾಲೆಂಡರಿನಲ್ಲಿ ಗುರುತು ಹಾಕಿ; 240 ದಿನಕ್ಕೆ ಅದು ನೆರವಾದೀತು.

ಓದದೆ ಯಾವುದಕ್ಕೂ ಸಹಿ ಬೇಡ. “ನಾನೇ ಇಷ್ಟಪಟ್ಟು ಕೆಲಸ ಬಿಡುತ್ತೇನೆ” ಎಂದು ಬರೆದಿದ್ದರೆ ಪರಿಹಾರದ ಮಾತೇ ಇಲ್ಲವೆನ್ನುತ್ತಾರೆ.

ಬಿಡಿಸಿದರೆ ತಡಮಾಡದೆ ಕಾರ್ಮಿಕ ಇಲಾಖೆಯ ಕಚೇರಿಗೆ ಬರವಣಿಗೆಯಲ್ಲಿ ದೂರು ಕೊಟ್ಟು, ಸ್ವೀಕೃತಿ ಪಡೆಯಿರಿ.

ಕೊರಟಗೆರೆಯ ಸೋದರಿ, ನಿಮ್ಮ ಮಗಳು ಸಹಿ ಹಾಕಿದ್ದಾಳೆಂದು ಕೈಕಟ್ಟಿ ಕೂರಬೇಡಿ. ಓದಲು ಬಿಡದೆ ಹಾಕಿಸಿಕೊಂಡರೆಂದು ಇದೇ ವಾರ ದೂರಿನಲ್ಲಿ ಬರೆಯಿರಿ. ಜೊತೆಗೆ ಕೆಲಸ ಹೋದ ಗೆಳತಿಯರಿದ್ದರೆ ಕೂಡಿ ಹೋಗಿ. ಯಜಮಾನರನ್ನೂ ಕರೆದುಕೊಂಡು ಹೋಗಿ. ಕಾನೂನಿನ ಬಗ್ಗೆ ಅಷ್ಟು ತಿಳಿದವರು ಮನೆಯಲ್ಲಿ ಕೂರುವುದು ತರವಲ್ಲ!